ಭತ್ತದಲ್ಲಿ ಆಂಥರ್ ಕಲ್ಚರ್ (ಪರಾಗಕೋಶವನ್ನು ಲ್ಯಾಬ್‌ನಲ್ಲಿ ಬೆಳೆಸಿ ಗಿಡ ಎಬ್ಬಿಸುವುದು): ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ: ಎರಡು ಇಂಡಿಕಾ (ಭಾರತದಲ್ಲಿ ಹೆಚ್ಚಾಗಿ ಬೆಳೆಯುವ ಭತ್ತದ ಗುಂಪು) ತಳಿ ಕ್ರಾಸ್ ಮಾಡಿದ ಎಫ್1 (ಮೊದಲ ಪೀಳಿಗೆ) ಗಿಡಗಳು ಹೊಡೆಗೆ ಬರುತ್ತಿವೆ. ಎಫ್6ವರೆಗೆ (ಆರನೇ ಪೀಳಿಗೆ) ಕಾಯುವಷ್ಟು ಸಮಯ ಪಿಎಚ್‌ಡಿಯಲ್ಲಿ ಇಲ್ಲ. ಆಂಥರ್ ಕಲ್ಚರ್‌ನಲ್ಲಿ ಬೇಗ ಸ್ಥಿರ ಸಾಲು (ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ್ದು) ಸಿಗುತ್ತದಾ?

ಉತ್ತರ 1: ಸಿಗುತ್ತದೆ ಮೇಡಂ. ಪರಾಗದಲ್ಲಿ ವರ್ಣತಂತುಗಳ ಒಂದೇ ಸೆಟ್ ಇರುತ್ತದೆ. ಅದರಿಂದ ಎದ್ದ ಗಿಡದಲ್ಲಿ ಆ ಸೆಟ್ ಇಮ್ಮಡಿಯಾದರೆ ಸಾಲು ಅಲ್ಲಿಗೇ ಸ್ಥಿರ. ದೆಹಲಿ ವಿಶ್ವವಿದ್ಯಾಲಯದ ಗುಹಾ ಮತ್ತು ಮಹೇಶ್ವರಿ 1964ರಲ್ಲಿ ದತ್ತೂರಿಯ ಪರಾಗಕೋಶದಿಂದ ಭ್ರೂಣ ಎಬ್ಬಿಸಿ ದಾರಿ ತೋರಿಸಿದ್ದರು. ಆದರೆ ಭತ್ತದ ಇನ್ನೊಂದು ಗುಂಪಾದ ಜಪಾನಿಕಾ ಮಾತು ಕೇಳಿದಂತೆ ಇಂಡಿಕಾ ಕೇಳುವುದಿಲ್ಲ.

ಎಲ್ಲರೂ ಮೀಡಿಯಾ (ಬೆಳೆಸುವ ಪೋಷಕ ಮಿಶ್ರಣ) ಬದಲಾಯಿಸುತ್ತಾ ಕೂರುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಕೆಡುವುದು ಹೊಡೆ ಕೀಳುವಾಗಲೇ. ತೆನೆ ಇನ್ನೂ ಎಲೆಕವಚದೊಳಗೇ ಇರಬೇಕು. ಕಾಳಿನ ಸಿಪ್ಪೆ ಬಿಡಿಸಿ ನೋಡಿ: ಪರಾಗಕೋಶ ತಿಳಿಹಸಿರಾಗಿ, ಸಿಪ್ಪೆಯ ಅರ್ಧದಷ್ಟು ಎತ್ತರಕ್ಕೆ ಬಂದಿದ್ದರೆ ಸಾಮಾನ್ಯವಾಗಿ ಸರಿ. ಹಳದಿಯಾಗಿದ್ದರೆ ಬಿಟ್ಟುಬಿಡಿ. ಒಂದೆರಡನ್ನು ಬಣ್ಣ ಹಚ್ಚುವ ದ್ರಾವಣವಾದ ಅಸಿಟೋಕಾರ್ಮಿನ್‌ನಲ್ಲಿ ಜಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಪರಾಗಕಣದಲ್ಲಿ ಒಂದೇ ನ್ಯೂಕ್ಲಿಯಸ್ ಇರಬೇಕು. ಆಮೇಲೆ ತೆನೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 8–10 ಡಿಗ್ರಿಯಲ್ಲಿ ಒಂದು ವಾರ ಇಡಿ. ಮೀಡಿಯಾದಲ್ಲಿ ಮಾಮೂಲಿ ಸಕ್ಕರೆ ಬದಲು ಮಾಲ್ಟೋಸ್ (ಇನ್ನೊಂದು ಬಗೆಯ ಸಕ್ಕರೆ) ಹಾಕಿಯೂ ನೋಡಿ.

ಉತ್ತರ 2: ಹೀಗೆ ಬೆಳೆಸುವಾಗ ಬರುವ ಬಿಳಿ ಗಿಡಗಳ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಅಲ್ವಾ? ಬಾಟಲಿಯೊಳಗೆ ಸಕ್ಕರೆ ಕುಡಿದು ಚೆನ್ನಾಗಿಯೇ ಬೆಳೆಯುತ್ತವೆ. ಹಸಿರಿಲ್ಲದ ಕಾರಣ ಮಣ್ಣಿಗೆ ಹಾಕಿದರೆ ಸಾಯುತ್ತವೆ. ಕ್ಯಾಲಸ್ (ಗಿಡವಾಗುವ ಮೊದಲು ಏಳುವ ಜೀವಕೋಶಗಳ ಗಂಟು) ಹಳೆಯದಾದಷ್ಟೂ ಈ ಕಾಟ ಜಾಸ್ತಿ. ಒಂದೆರಡು ಮಿಲಿಮೀಟರ್ ಆದ ಕೂಡಲೇ ಚಿಗುರಿಸುವ ಮೀಡಿಯಾಗೆ ದಾಟಿಸಿ.

ಉತ್ತರ 3: ಭತ್ತದಲ್ಲಿ ಸಾಕಷ್ಟು ಗಿಡಗಳು ತಾವಾಗಿಯೇ ಇಮ್ಮಡಿಯಾಗುತ್ತವೆ. ಗಿಡ್ಡವಾಗಿ, ಸಣ್ಣ ಎಲೆ ಬಿಟ್ಟು, ಕಾಳು ಕಟ್ಟದೇ ನಿಂತವಕ್ಕೆ ಮಾತ್ರ ವರ್ಣತಂತು ಇಮ್ಮಡಿ ಮಾಡುವ ಕಾಲ್ಚಿಸಿನ್ ಬೇಕು. ಅದು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಇನ್ನೊಂದು ಮಾತು: ಕಾಳು ಕಟ್ಟಿತು ಅಂತ ಖುಷಿಪಟ್ಟು ಸುಮ್ಮನಾಗಬೇಡಿ. ಪರಾಗಕೋಶದ ಗೋಡೆಯಿಂದ ಎದ್ದ ಗಿಡವೂ ಕಾಳು ಕಟ್ಟುತ್ತದೆ, ಅದು ನಿಮ್ಮ ಎಫ್1 ಅಷ್ಟೇ. ತಂದೆ–ತಾಯಿ ಬೇರೆ ಬೇರೆ ತೋರಿಸುವ ಕೆಲವು ಎಸ್‌ಎಸ್‌ಆರ್ ಮಾರ್ಕರ್ (ಡಿಎನ್‌ಎ ಗುರುತು) ಓಡಿಸಿ. ಜೆಲ್‌ನಲ್ಲಿ ಎರಡೂ ಪಟ್ಟಿ ಒಟ್ಟಿಗೆ ಕಂಡರೆ ಆ ಗಿಡ ಕೈಬಿಡಿ.

ಉತ್ತರ 1: ಹೌದು, ಮಾರ್ಕರ್ ವಿಷಯ ಹೇಳಲು ಮರೆತಿದ್ದೆ. ಇನ್ನೊಂದು: ಎಲ್ಲ ಎಫ್1 ಗಿಡಗಳನ್ನೂ ಲ್ಯಾಬ್‌ಗೆ ಸುರಿಯಬೇಡಿ ಮೇಡಂ. ಕೆಲವನ್ನು ಬೀಜಕ್ಕೆ ಬಿಡಿ. ಗಿಡಕ್ಕೊಂದೇ ಬೀಜ ಹಿಡಿದು, ಚಿಕ್ಕ ಕುಂಡದಲ್ಲಿ ಬೇಗ ಹೂ ಬರಿಸಿದರೆ, ಅಲ್ಪಾವಧಿ ತಳಿಯಲ್ಲಿ ವರ್ಷಕ್ಕೆ ಮೂರು ಪೀಳಿಗೆ ದಾಟಬಹುದು. ಕ್ಯಾಲಸ್ ಕೈಕೊಟ್ಟರೂ ಥೀಸಿಸ್ ನಿಲ್ಲುವುದಿಲ್ಲ.