ಮಾರ್ಚ್‌ನ ಒಂದೇ ವಾರದಲ್ಲಿ ಅಯೋವಾದ ಕುಸ್ತಿಯೂ ಬಾಸ್ಕೆಟ್‌ಬಾಲೂ: ಎರಡನ್ನೂ ತಿಳಿದು ನೋಡುವುದು ಹೇಗೆ?

ಪ್ರಶ್ನೆ – ದಾವಣಗೆರೆಯಿಂದ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕಳೆದ ಆಗಸ್ಟ್‌ನಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಸೇರಿದ್ದಾಳೆ. ಆ ವಿಶ್ವವಿದ್ಯಾಲಯ ಕುಸ್ತಿಗೆ ಹೆಸರಾದುದೆಂದು ಆಕೆ ಹೇಳಿದ ದಿನದಿಂದ ನನಗೆ ಅಲ್ಲಿಯ ಓದಿನಷ್ಟೇ ಅಲ್ಲಿಯ ಅಖಾಡದ ಮೇಲೂ ಆಸೆ ಹುಟ್ಟಿದೆ, ಏಕೆಂದರೆ ಹತ್ತನೆಯ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ನಾನು ಬೆಳಗಿನ ಹೊತ್ತನ್ನೆಲ್ಲ ನಮ್ಮ ಬೀದಿಯ ಗರಡಿಯ ಕೆಮ್ಮಣ್ಣಿನಲ್ಲೇ ಕಳೆದವನು. ಪ್ಯಾರಿಸ್ ಒಲಿಂಪಿಕ್ಸ್‌ನ 57 ಕೆ.ಜಿ. ವಿಭಾಗದಲ್ಲಿ ನಮ್ಮ ಅಮನ್ ಸೆಹ್ರಾವತ್ ಕಂಚು ಗೆದ್ದಾಗ ಅದೇ ವಿಭಾಗದಲ್ಲಿ ಬೆಳ್ಳಿ ಪಡೆದ ಸ್ಪೆನ್ಸರ್ ಲೀ ಇದೇ ಅಯೋವಾದ ಹುಡುಗನೆಂದು ಆಮೇಲೆ ತಿಳಿಯಿತು. ಅಮನ್ ಸೆಮಿಫೈನಲ್‌ನಲ್ಲಿಯೂ ಲೀ ಫೈನಲ್‌ನಲ್ಲಿಯೂ ಸೋತದ್ದು ಒಬ್ಬನೇ ಜಪಾನಿ ಪೈಲ್ವಾನನಿಗೆ.

ಚಳಿಗಾಲದಲ್ಲಿ ಮಗಳು ಕ್ರೀಡಾಂಗಣದಿಂದ ವಿಡಿಯೊ ಕರೆ ಮಾಡಿ ಒಂದು ಪಂದ್ಯವನ್ನು ತೋರಿಸಿದಳು. ಮೇಲಿದ್ದವನು ಎದುರಾಳಿಯನ್ನು ಚಿತ್ ಮಾಡಲಿಲ್ಲ, ಮಗುಚಲೂ ಇಲ್ಲ, ಸೊಂಟಕ್ಕೆ ಕೈ ಹಾಕಿ ಬೆನ್ನ ಮೇಲೆಯೇ ಕೂತಿದ್ದ. ಕೊನೆಗೆ ಅವನಿಗೆ ಒಂದು ಅಂಕ ಕೊಟ್ಟರು, ಆ ಒಂದು ಅಂಕದಿಂದಲೇ ಅವನು ಗೆದ್ದ. ನನಗೆ ಅದು ಇಂದಿಗೂ ಅರ್ಥವಾಗಿಲ್ಲ. ಈಗ ಮಾರ್ಚ್ ಬಂದಿದೆ. ಕುಸ್ತಿಯ ರಾಷ್ಟ್ರೀಯ ಟೂರ್ನಿಯೂ ಬಾಸ್ಕೆಟ್‌ಬಾಲ್ ಟೂರ್ನಿಯೂ ಒಂದೇ ವಾರದಲ್ಲಿ ಬರುತ್ತವೆಂದು ಮಗಳು ಹೇಳುತ್ತಾಳೆ, ಮತ್ತು ಆಕೆಗೆ ಬಾಸ್ಕೆಟ್‌ಬಾಲ್ ಹುಚ್ಚು. ಎರಡನ್ನೂ ಇಲ್ಲಿಂದಲೇ ತಿಳಿದು ನೋಡಬೇಕೆಂದರೆ ಏನನ್ನು ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ, ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ 1 – ಅಯೋವಾ ಸಿಟಿ ನಿವಾಸಿ

ಸರ್, ನಮಸ್ಕಾರ. ನಾನು ಮೂಲತಃ ಧಾರವಾಡದವನು, ಈ ಊರಿಗೆ ಬಂದು ಬಹಳ ವರ್ಷಗಳಾದವು. ತಮ್ಮ ಮಗಳು ಕರೆ ಮಾಡಿದ್ದು ಕಾರ್ವರ್-ಹಾಕೈ ಅರೇನಾದಿಂದ ಇರಬೇಕು. ಸುಮಾರು ಹದಿನೈದು ಸಾವಿರ ಜನ ಕೂರುವ ಆ ಕ್ರೀಡಾಂಗಣವನ್ನು ಒಂದು ಕಣಿವೆಯೊಳಗೆ ಇಳಿಸಿ ಕಟ್ಟಿದ್ದಾರೆ, ಆದ್ದರಿಂದ ರಸ್ತೆಯ ಮಟ್ಟದಲ್ಲಿ ಬಾಗಿಲು ದಾಟಿದವರು ಮೆಟ್ಟಿಲಿಳಿದು ಆಸನಕ್ಕೆ ಹೋಗಬೇಕು. ಕುಸ್ತಿ ಇರುವ ಸಂಜೆ ಬಾಸ್ಕೆಟ್‌ಬಾಲ್‌ನ ಮರದ ನೆಲದ ನಡುವೆ ಒಂದೇ ಒಂದು ಮ್ಯಾಟ್ ಹಾಸಿರುತ್ತದೆ, ಮೇಲಿನಿಂದ ನೋಡಿದರೆ ಬಾವಿಯ ತಳದಲ್ಲಿ ಇಬ್ಬರು ಸೆಣಸುತ್ತಿರುವಂತೆ ಕಾಣುತ್ತದೆ. 1983ರ ಜನವರಿಯಲ್ಲಿ ಇದು ತೆರೆದಾಗ ಮೊದಲು ನಡೆದದ್ದು ಕುಸ್ತಿಯೇ, ಬಾಸ್ಕೆಟ್‌ಬಾಲ್ ಅನಂತರ ಬಂತು. ಹೊರಗೆ ಡ್ಯಾನ್ ಗೇಬಲ್ ಅವರ ಪ್ರತಿಮೆಯಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದವರು ಅವರು, ಮುಂದೆ ಇಲ್ಲಿ ತರಬೇತುದಾರರಾಗಿ ತಂಡಕ್ಕೆ 15 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟರು.

ತಮ್ಮ ಮೊದಲ ಸಂಶಯಕ್ಕೆ ಉತ್ತರ ಹೀಗಿದೆ. ಇಲ್ಲಿಯ ಕಾಲೇಜು ಪುರುಷರ ಕುಸ್ತಿ ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಅಲ್ಲ, ಅದನ್ನು ಫೋಕ್‌ಸ್ಟೈಲ್ ಎನ್ನುತ್ತಾರೆ, ಮತ್ತು ಇದರಲ್ಲಿ ಹಿಡಿತಕ್ಕೇ ಬೆಲೆಯಿದೆ. ಎದುರಾಳಿಯನ್ನು ಕೆಳಗೆ ಕೆಡವಿದರೆ ಮೂರು ಅಂಕ, 2023ರವರೆಗೆ ಎರಡೇ ಇತ್ತು. ಕೆಳಗಿದ್ದವನು ಬಿಡಿಸಿಕೊಂಡು ಎದ್ದರೆ ಒಂದು, ತಿರುವಿ ತಾನೇ ಮೇಲೆ ಬಂದರೆ ಎರಡು. ಇದರ ಜೊತೆಗೆ ಯಾರು ಎಷ್ಟು ಹೊತ್ತು ಮೇಲೆ ಕೂತಿದ್ದರೆಂದು ಒಂದು ಗಡಿಯಾರ ಲೆಕ್ಕ ಇಡುತ್ತಿರುತ್ತದೆ. ಏಳು ನಿಮಿಷದ ಪಂದ್ಯ ಮುಗಿದಾಗ ಒಬ್ಬನ ಸವಾರಿಯ ಹೊತ್ತು ಇನ್ನೊಬ್ಬನದಕ್ಕಿಂತ ಒಂದು ನಿಮಿಷವೋ ಅದಕ್ಕೂ ಹೆಚ್ಚೋ ಇದ್ದರೆ ಅವನಿಗೆ ಒಂದು ಅಂಕ ಸೇರುತ್ತದೆ. ತಾವು ಕಂಡದ್ದು ಅದನ್ನೇ. ನಮ್ಮ ಮಣ್ಣಿನ ಕುಸ್ತಿಯಲ್ಲಿ ಮೇಲೆ ಕೂತವನಿಗೆ ಜನ ಬೈಯುವುದುಂಟು, ಇಲ್ಲಿ ಹಾಗೆ ಕೂರಬಲ್ಲವನನ್ನು ದೊಡ್ಡ ಪೈಲ್ವಾನನೆಂದು ಎಣಿಸುತ್ತಾರೆ. ಚಿತ್ ಮಾಡಿದರೆ ಮಾತ್ರ ಎಲ್ಲ ಲೆಕ್ಕವೂ ಅಲ್ಲಿಗೇ ಮುಗಿಯಿತು: ಎರಡೂ ಹೆಗಲನ್ನು ಒಂದು ಸೆಕೆಂಡು ಮ್ಯಾಟಿಗೆ ಒತ್ತಿ ಹಿಡಿದರೆ ಸಾಕು.

ಇನ್ನು ದಿನಗಳ ವಿಚಾರ. ಪುರುಷರ ಕುಸ್ತಿಯ ರಾಷ್ಟ್ರೀಯ ಟೂರ್ನಿ ಗುರುವಾರದಿಂದ ಶನಿವಾರದವರೆಗೆ ಮೂರು ದಿನ, ದಿನಕ್ಕೆರಡು ಹೊತ್ತು ನಡೆಯುತ್ತದೆ. ಹಗಲಿನದು ನಿಮಗೆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ, ಸಂಜೆಯದು ಮರುದಿನ ನಸುಕಿನ ನಾಲ್ಕೈದರ ಹೊತ್ತಿಗೆ ಬೀಳುತ್ತದೆ. ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತೂ ಸಾಮಾನ್ಯವಾಗಿ ಅದೇ ಗುರುವಾರ ಮತ್ತು ಶುಕ್ರವಾರ. ನನ್ನ ಸಲಹೆ ಇಷ್ಟೇ: ಆ ಮೂರು ದಿನ ಬಾಸ್ಕೆಟ್‌ಬಾಲನ್ನು ಬದಿಗಿಟ್ಟು ಕುಸ್ತಿಯನ್ನೇ ನೋಡಿ. ಬಾಸ್ಕೆಟ್‌ಬಾಲ್ ಏಪ್ರಿಲ್‌ವರೆಗೂ ನಡೆಯುತ್ತದೆ.

ಉತ್ತರ 2 – ಕುಸ್ತಿ ಲೆಕ್ಕ

ಮೇಲಿನವರು ಪಂದ್ಯದ ಅಂಕವನ್ನು ಹೇಳಿದರು. ತಂಡದ ಅಂಕವನ್ನು ತಿಳಿಯದಿದ್ದರೆ ಈ ಟೂರ್ನಿಯ ಅರ್ಧ ರುಚಿಯೇ ಸಿಗುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

125 ಪೌಂಡ್‌ನಿಂದ 285 ಪೌಂಡ್‌ವರೆಗೆ, ಅಂದರೆ ಸುಮಾರು 57 ಕೆ.ಜಿ.ಯಿಂದ 129 ಕೆ.ಜಿ.ವರೆಗೆ, ಹತ್ತು ತೂಕಗಳಿವೆ. ತೂಕಕ್ಕೆ 33 ಜನರಂತೆ ಒಟ್ಟು 330 ಪೈಲ್ವಾನರು ಬರುತ್ತಾರೆ, ಒಂದು ಕಾಲೇಜಿನಿಂದ ತೂಕಕ್ಕೊಬ್ಬರು ಮಾತ್ರ. ಒಮ್ಮೆ ಸೋತವನು ಮನೆಗೆ ಹೋಗುವುದಿಲ್ಲ, ಸೋತವರ ಸಾಲಿಗೆ ಬೀಳುತ್ತಾನೆ. ಅಲ್ಲಿಂದ ಗೆಲ್ಲುತ್ತಾ ಬಂದರೆ ಮೂರನೆಯ ಸ್ಥಾನದವರೆಗೂ ಏರಬಹುದು, ಎರಡನೆಯ ಸಲ ಸೋತರೆ ಮುಗಿಯಿತು, ಅದೂ ಕೊನೆಯ ಎಂಟರೊಳಗೆ ಬಂದಿರದಿದ್ದರೆ ಮಾತ್ರ. ತಂಡಕ್ಕೆ ಮೊದಲ ಸ್ಥಾನದಿಂದ 16 ಅಂಕ, ಎರಡನೆಯದರಿಂದ 12, ಮೂರನೆಯದರಿಂದ 10, ಹೀಗೆ ಇಳಿಯುತ್ತಾ ಎಂಟನೆಯದರಿಂದ 3. ಮುಖ್ಯ ಸಾಲಿನಲ್ಲಿ ಮುಂದೆ ಹೋದ ಪ್ರತಿ ಗೆಲುವಿಗೆ ಒಂದು, ಸೋತವರ ಸಾಲಿನ ಗೆಲುವಿಗೆ ಅರ್ಧ. ಚಿತ್ ಮಾಡಿ ಗೆದ್ದರೆ ಅದರ ಮೇಲೆ ಇನ್ನೂ ಎರಡು, ಮತ್ತು ಈ ಎರಡು ಅಂಕ ಯಾವ ಸಾಲಿನಲ್ಲಿ ಗೆದ್ದರೂ ಅಷ್ಟೇ ಇರುತ್ತದೆ.

ಇದರ ಪರಿಣಾಮವನ್ನು 2021ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನೋಡಿದೆವು. ಆ ವರ್ಷ ಪೆನ್ ಸ್ಟೇಟ್ ತಂಡದ ನಾಲ್ವರು ತಮ್ಮ ತಮ್ಮ ತೂಕದಲ್ಲಿ ಚಾಂಪಿಯನ್ನರಾದರು. ಅಯೋವಾದಿಂದ ಆದದ್ದು ಒಬ್ಬನೇ, ಸ್ಪೆನ್ಸರ್ ಲೀ. ಆದರೂ ತಂಡ ಪ್ರಶಸ್ತಿ ಅಯೋವಾಕ್ಕೆ ಬಂತು, 129 ಅಂಕ. ಪೆನ್ ಸ್ಟೇಟ್‌ಗೆ 113.5. ಶನಿವಾರ ಸಂಜೆಯ ಹತ್ತು ಫೈನಲ್‌ಗಳನ್ನಷ್ಟೇ ನೋಡಿದವರಿಗೆ ಇದು ಒಗಟಿನಂತೆ ಕಾಣಬಹುದು. ಶುಕ್ರವಾರ ಹಗಲಿನಿಂದ ಶನಿವಾರ ಬೆಳಗಿನವರೆಗೆ ಒಮ್ಮೆ ಸೋತ ಹುಡುಗರು ಅರ್ಧರ್ಧ ಅಂಕ ಸೇರಿಸುತ್ತಾ ಮೂರನೆಯ, ಐದನೆಯ, ಏಳನೆಯ ಸ್ಥಾನಕ್ಕೆ ಸೆಣಸಿದ್ದನ್ನು ನೋಡಿದವರಿಗೆ ಒಗಟೇನೂ ಇರಲಿಲ್ಲ. ಲೀ ಕೂಡ ಎರಡೂ ಮಂಡಿಯ ಅಸ್ಥಿರಜ್ಜು ಹರಿದಿದ್ದ ಸ್ಥಿತಿಯಲ್ಲೇ ಆಡಿದನೆಂದು ಗೆದ್ದ ಮೇಲೆ ಹೇಳಿದ. ಆದ್ದರಿಂದ, ಸರ್, ಒಂದೇ ಒಂದು ಹೊತ್ತನ್ನು ಆರಿಸಿಕೊಳ್ಳಬೇಕಾದರೆ ಫೈನಲ್ ಬಿಡಿ, ಶುಕ್ರವಾರದ ಸೋತವರ ಸಾಲನ್ನು ನೋಡಿ. ಮೊದಲ ದಿನಗಳಲ್ಲಿ ಎಂಟು ಮ್ಯಾಟ್‌ಗಳಲ್ಲಿ ಒಟ್ಟಿಗೆ ಪಂದ್ಯ ನಡೆಯುವುದರಿಂದ ಡ್ರಾ ಪಟ್ಟಿಯನ್ನು ಮುದ್ರಿಸಿ, ಪೆನ್ಸಿಲ್ ಹಿಡಿದು ಕೂರುವುದು ಒಳ್ಳೆಯದು.

ಉತ್ತರ 3 – ಡಿ ಮೊಯಿನ್‌ನಿಂದ, ಹಿಂದೆ ಮೈಸೂರಿನ ಕಾಲೇಜು ತಂಡದ ಆಟಗಾರ್ತಿ

ಬಾಸ್ಕೆಟ್‌ಬಾಲನ್ನು ಬದಿಗಿಡಿ ಎಂಬ ಮಾತನ್ನು ನಾನು ಒಪ್ಪಲಾರೆ. ಕುಸ್ತಿಯಲ್ಲಿ ಸೋತವನಿಗೆ ಇನ್ನೊಂದು ದಾರಿಯಿದೆ, ಆದರೆ 68 ತಂಡಗಳ ಬಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಒಮ್ಮೆ ಸೋತರೆ ಆ ವರ್ಷವೇ ಮುಗಿಯಿತು, ಆದ್ದರಿಂದ ಏಪ್ರಿಲ್‌ವರೆಗೆ ನಡೆಯುವ ಟೂರ್ನಿಯಲ್ಲಿ ನಮ್ಮ ತಂಡ ಮಾರ್ಚ್ ದಾಟುವುದೇ ಕಷ್ಟ. ಮೇಲೆ ಹೇಳಿದ 2021ರ ಅದೇ ಶನಿವಾರ ಅಯೋವಾದ ಪುರುಷರ ತಂಡ ಗ್ರ್ಯಾಂಡ್ ಕ್ಯಾನ್ಯನ್ ತಂಡವನ್ನು 86–74ರಿಂದ ಸೋಲಿಸಿತು. ಸೋಮವಾರ ಆರೆಗನ್ ಎದುರು ಲೂಕಾ ಗಾರ್ಜಾ ಒಬ್ಬನೇ 36 ಅಂಕ ಹಾಕಿದರೂ 95–80ರಿಂದ ಸೋತು ಹೊರಬಿತ್ತು. ಎರಡು ದಿನ ಕಾದು ನೋಡುತ್ತೇನೆಂದವರಿಗೆ ನೋಡಲು ಏನೂ ಉಳಿಯಲಿಲ್ಲ.

ಮಹಿಳೆಯರ ಟೂರ್ನಿಯಲ್ಲಿ ಇನ್ನೊಂದು ವಿಶೇಷವಿದೆ, ತಮ್ಮ ಮಗಳಿಗೆ ಅದು ಬಹಳ ಮುಖ್ಯ. ಶ್ರೇಯಾಂಕದಲ್ಲಿ ಮೊದಲ 16ರೊಳಗೆ ಬಂದ ತಂಡಗಳಿಗೆ ಮೊದಲ ಎರಡು ಸುತ್ತುಗಳು ಸ್ವಂತ ಕ್ರೀಡಾಂಗಣದಲ್ಲೇ ನಡೆಯುತ್ತವೆ. 2024ರ ಮಾರ್ಚ್ 23ರ ಶನಿವಾರ ಅಯೋವಾ ಕಾರ್ವರ್‌ನಲ್ಲಿ ಹೋಲಿ ಕ್ರಾಸ್ ತಂಡವನ್ನು ಸೋಲಿಸಿತು, ಅದೇ ಸಂಜೆ ಕ್ಯಾನ್ಸಸ್ ಸಿಟಿಯಲ್ಲಿ ಕುಸ್ತಿಯ ಫೈನಲ್‌ಗಳಿದ್ದವು. ಸೋಮವಾರ ವೆಸ್ಟ್ ವರ್ಜೀನಿಯಾ ಎದುರಿನ ಪಂದ್ಯಕ್ಕೆ ನಾನು ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಅಯೋವಾ ತಂಡದ ತಾರೆ ಕ್ಯಾಟ್ಲಿನ್ ಕ್ಲಾರ್ಕ್ ಆ ನೆಲದ ಮೇಲೆ ಆಡಿದ ಕೊನೆಯ ಪಂದ್ಯ ಅದು. ಕೊನೆಯ ಹತ್ತು ನಿಮಿಷದಲ್ಲಿ ಅಂಕಗಳು 52–52ಕ್ಕೆ ಸಮವಾದವು. ಆಗ ನನ್ನ ಮುಂದಿನ ಸಾಲಿನಲ್ಲಿ ಸುಮಾರು ಎಂಬತ್ತರ ಅಜ್ಜಿಯೊಬ್ಬರು ಎರಡೂ ಕೈಯಿಂದ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಎದ್ದು ನಿಂತವರು ಆಟ ಮುಗಿಯುವವರೆಗೂ ಕೂರಲಿಲ್ಲ. 64–54ರಿಂದ ಗೆದ್ದೆವು, ಅದರಲ್ಲಿ ಕ್ಲಾರ್ಕ್‌ದು 32. ಆ ತಂಡ ಫೈನಲ್‌ವರೆಗೂ ಹೋಗಿ ಸೌತ್ ಕ್ಯಾರೊಲೈನಾಕ್ಕೆ 87–75ರಿಂದ ಸೋತಿತು. ಆ ಮಹಿಳೆಯರ ಫೈನಲ್ಲನ್ನು ಅಮೆರಿಕದಲ್ಲಿ ಪುರುಷರ ಫೈನಲ್ಲಿಗಿಂತ ಹೆಚ್ಚು ಜನ ನೋಡಿದರು, 1 ಕೋಟಿ 80 ಲಕ್ಷಕ್ಕೂ ಮಿಕ್ಕಿ.

ಆದ್ದರಿಂದ ಈ ಸಲ ಮಹಿಳೆಯರ ಪಂದ್ಯ ಕಾರ್ವರ್‌ನಲ್ಲಿ ಬಿದ್ದರೆ ತಾವು ಕುಸ್ತಿಯನ್ನು ಒಂದು ಹೊತ್ತು ಬಿಟ್ಟಾದರೂ ಮಗಳ ಜೊತೆ ಅದನ್ನು ನೋಡಬೇಕು. ಕುಸ್ತಿಯನ್ನು ಪ್ರೀತಿಸುವವರೆಂದು ಇನ್ನೊಂದು ಮಾತು: ಅಯೋವಾದಲ್ಲಿ ಮಹಿಳಾ ಕುಸ್ತಿ ತಂಡವೂ ಇದೆ, 2023–24 ಅದರ ಮೊದಲ ಋತು. ಅವರು ಆಡುವುದು ಫ್ರೀಸ್ಟೈಲ್, ಆದ್ದರಿಂದ ಅಲ್ಲಿ ಸವಾರಿಯ ಗಡಿಯಾರದ ಗೊಂದಲವೂ ಇಲ್ಲ. ಮೈಸೂರು ದಸರಾದಲ್ಲಿ ಹೆಣ್ಣುಮಕ್ಕಳ ಜೋಡಿಗಳನ್ನು ನೋಡಿ ಬೆಳೆದ ನನಗೆ ಇದು ಬಹಳ ಸಂತೋಷ ಕೊಟ್ಟಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸವಾರಿಯ ಗಡಿಯಾರವನ್ನು ನಿನ್ನೆ ಸಂಜೆ ಗರಡಿಯಲ್ಲಿ ನಮ್ಮ ಹಿರಿಯ ಉಸ್ತಾದರಿಗೆ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ಮೇಲೆ ಕೂತವನ ಮೊಣಕಾಲು ಎಲ್ಲಿರುತ್ತದೆ ಎಂದು ಕೇಳಿದರು. ಉತ್ತರ ನನಗೆ ತಿಳಿಯಲಿಲ್ಲ, ಶುಕ್ರವಾರ ಕೂತು ನೋಡಿ ಹೇಳುತ್ತೇನೆಂದೆ, ತಾವೂ ಬರುತ್ತೇನೆಂದರು. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಸೋತವನು ಮೈಯ ಮಣ್ಣು ಒರೆಸಿಕೊಂಡು ಊರಿಗೆ ಹೊರಡುತ್ತಿದ್ದ. ಅವನಿಗೆ ಮರುದಿನ ಇನ್ನೊಂದು ಜೋಡಿ ಕಟ್ಟುವ ಪದ್ಧತಿ ಇದ್ದಿದ್ದರೆ ನಾನು ಇನ್ನೂ ನಾಲ್ಕು ವರ್ಷ ಗರಡಿ ಬಿಡುತ್ತಿರಲಿಲ್ಲವೇನೋ. ಸೋತವರ ಸಾಲನ್ನು ಖಂಡಿತ ನೋಡುತ್ತೇನೆ. ಮಹಿಳೆಯರ ಪಂದ್ಯಕ್ಕೆ ಟಿಕೆಟ್ ಕೊಳ್ಳುವಂತೆ ಮಗಳಿಗೂ ಹೇಳಿದ್ದೇನೆ. ಡ್ರಾ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಗರಡಿಯ ಗೋಡೆಗೆ ಅಂಟಿಸಬೇಕೆಂದಿದ್ದೇನೆ, ಅದು ಯಾವಾಗ ಸಿಗುತ್ತದೆ?

ಉತ್ತರ 2ರ ಲೇಖಕರಿಂದ

ಕುಸ್ತಿಯದು ಸಾಮಾನ್ಯವಾಗಿ ಟೂರ್ನಿಗೆ ಹಿಂದಿನ ವಾರದ ಬುಧವಾರ ಪ್ರಕಟವಾಗುತ್ತದೆ, ಬಾಸ್ಕೆಟ್‌ಬಾಲ್‌ನದು ಅದರ ನಂತರದ ಭಾನುವಾರ ಸಂಜೆ, ಅಂದರೆ ತಮಗೆ ಸೋಮವಾರ ನಸುಕಿಗೆ. ಹತ್ತು ತೂಕಕ್ಕೂ ಒಂದೊಂದು ಹಾಳೆ ಬೇಕಾಗುತ್ತದೆ, ಗೋಡೆಯಲ್ಲಿ ಜಾಗ ಮಾಡಿಟ್ಟುಕೊಳ್ಳಿ. ಮೊಣಕಾಲಿನ ವಿಚಾರದಲ್ಲಿ ಉಸ್ತಾದರು ಏನು ಕಂಡರೆಂಬುದನ್ನು ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.