ಸಹಾಯ ಬೇಕು: ಭಾಂಗ್ ಕರಪತ್ರದ ಕನ್ನಡ ತಿದ್ದಿಕೊಡುವಿರಾ?

ನಮಸ್ಕಾರ. ಶಿವರಾತ್ರಿಗೆ ಮುಂಚೆ ಜಯನಗರ, ಬಸವನಗುಡಿಯ ಮೆಡಿಕಲ್ ಶಾಪ್‌ಗಳಲ್ಲಿ ಇಡಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇವೆ.

ಮುಖ್ಯ ವಿಷಯ ಇಷ್ಟು. ಸೇದಿದ ಗಾಂಜಾ ಕೆಲವೇ ನಿಮಿಷಕ್ಕೆ ಮಿದುಳು ಮುಟ್ಟುತ್ತದೆ. ಕುಡಿದ ಭಾಂಗ್ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. "ಏನೂ ಆಗ್ಲಿಲ್ವಲ್ಲ" ಅಂತ ಇನ್ನೊಂದು ಲೋಟ ಕುಡಿಯುವುದೇ ಎಡವಟ್ಟು. ಗಾಂಜಾ, ಭಾಂಗ್ ಎರಡರಲ್ಲೂ ಅಮಲೇರಿಸುವ ವಸ್ತುವಾದ ಟಿಎಚ್‌ಸಿ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ಸಿವೈಪಿ2ಸಿ9 ಕಿಣ್ವ ಅದನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಮಾಡುತ್ತದೆ. ಅದೂ ಅಮಲಿನ ವಸ್ತುವೇ. ಎರಡೂ ಲೋಟ ಒಟ್ಟಿಗೆ ಹತ್ತಿದಾಗ ಎದೆ ಡವಡವ, ಗಾಬರಿ, ಎದ್ದು ನಿಂತರೆ ತಲೆಸುತ್ತು. ಮಗು ಕುಡಿದಿದ್ದರೆ ಮಾತ್ರ ಇಳಿಯಲಿ ಅಂತ ಕಾಯುವಂತಿಲ್ಲ, ಕೂಡಲೇ 108.

ಸಿಕ್ಕಿಬಿದ್ದಿರುವುದು ಭಾಷೆಯಲ್ಲಿ. ರಿಸೆಪ್ಟರ್‌ಗೆ (ಜೀವಕೋಶದಲ್ಲಿ ಇಂಥ ವಸ್ತು ಬಂದು ಅಂಟಿಕೊಳ್ಳುವ ಜಾಗ) 'ಗ್ರಾಹಕ' ಎಂದರೆ ಅಂಗಡಿಯಲ್ಲಿ ನಿಂತು ಓದುವವರು ಗಿರಾಕಿ ಅಂದುಕೊಳ್ಳುತ್ತಾರೆ! "ಟಿಎಚ್‌ಸಿ ಗ್ರಾಹಕನಿಗೆ ಅಂಟಿಕೊಳ್ಳುತ್ತದೆ" ಎಂದು ಅಚ್ಚಾಗುವುದು ಬೇಡ. ಬೀಗ-ಕೀಲಿಯ ಹೋಲಿಕೆಯೂ ಪೂರ್ತಿ ಕೂರುವುದಿಲ್ಲ, ಸಿಬಿ1 ಎಂಬ ಮಿದುಳಿನ ರಿಸೆಪ್ಟರ್‌ನಲ್ಲಿ ಟಿಎಚ್‌ಸಿ ಅರ್ಧ ಮಾತ್ರ ತಿರುಗುವ ಕೀಲಿ. ಮಿದುಳಿನದೇ ಆದ, 1992ರಲ್ಲಿ ಗುರುತಿಸಿದ ಅನಂದಮೈಡ್ ಕೂಡ ಅಲ್ಲಿ ಅರ್ಧ ತಿರುಗುವ ಕೀಲಿಯೇ. ಹೆಸರೇ ನಮ್ಮ 'ಆನಂದ'ದಿಂದ ಬಂದದ್ದು.

ಇನ್ನೊಂದು ಸಾಲನ್ನು ವೈದ್ಯರೇ ನೋಡಬೇಕು: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಕರಗುವುದೂ ಅದೇ ಸಿವೈಪಿ2ಸಿ9ರಿಂದ. ಹಾಗಾಗಿ ಗಾಂಜಾ, ಸಿಬಿಡಿ (ಅದೇ ಗಿಡದ ಇನ್ನೊಂದು ವಸ್ತು) ಎಣ್ಣೆ ಜೊತೆಗಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ) ಏರಿ ರಕ್ತಸ್ರಾವ ಆಗಬಹುದು. "ಒಸಡಲ್ಲಿ ರಕ್ತ, ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ" ಎಂದಷ್ಟೇ ಬರೆದರೆ ಸಾಕೇ?

ಹೃದ್ರೋಗ ವಿಭಾಗದವರು, ಕನ್ನಡ ಮೇಷ್ಟ್ರುಗಳು ಕೆಳಗೆ ಬರೆಯಿರಿ, ಕರಡು ಕಳಿಸುತ್ತೇವೆ.