ಹಳೆಯ ಫ್ರೆಂಚ್ ಕುರ್ಚಿಗೆ ಹೊಸ ಬಟ್ಟೆ: ನಿಮ್ಮ ಅನುಭವ ತಿಳಿಸಿ

ಲಿಯೋನ್‌ನಿಂದ ಪ್ರಶ್ನೆ:
ಕಳೆದ ತಿಂಗಳು ಇಲ್ಲಿನ ಹಳೆಯ ಸಾಮಾನಿನ ಸಂತೆಯಲ್ಲಿ ಕೈಗಳಿರುವ ಕುರ್ಚಿಯೊಂದನ್ನು ಕೊಂಡೆ. ಬೆನ್ನು ಅಂಡಾಕಾರ, ಕಾಲುಗಳು ನೇರ. ಮಾರಿದವರು 18ನೇ ಶತಮಾನದ ಫ್ರೆಂಚ್ ರಾಜನ ಹೆಸರು ಹೇಳಿ, ‘ಹದಿನಾರನೇ ಲೂಯಿ’ ಎಂದರು. ಬಟ್ಟೆ ಹರಿದಿದೆ, ಕುಳಿತರೆ ಒಂದು ಬದಿ ಕುಸಿಯುತ್ತದೆ. ನಾನೇ ಸರಿಮಾಡಬಹುದೇ? ಇದು ನಿಜಕ್ಕೂ ಅಷ್ಟು ಹಳೆಯದೇ?

ಪ್ಯಾರಿಸ್‌ನಿಂದ:
ಧಾರಾಳವಾಗಿ ಮಾಡಬಹುದು, ಆದರೆ ಇವತ್ತೇ ಕತ್ತರಿ ಹಿಡಿಯಬೇಡಿ. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಈ ಕೆಲಸ ಕಲಿತವಳು ನಾನು.

ಮೊದಲು ರಸೀದಿ ನೋಡಿ. ‘ಎಪೋಕ್’ ಎಂದಿದ್ದರೆ ಕುರ್ಚಿ ಆ ರಾಜನ ಕಾಲದ್ದೇ ಎಂದರ್ಥ. ‘ಸ್ತೀಲ್’ ಎಂದಿದ್ದರೆ ಆ ಮಾದರಿಯಲ್ಲಿ ಆಮೇಲೆ ಮಾಡಿದ್ದು. ಈ ಒಂದು ಪದದಿಂದ ಬೆಲೆ ಎಷ್ಟೋ ಪಟ್ಟು ಬದಲಾಗುತ್ತದೆ.

ನಿಮ್ಮ ವಿವರಣೆ 16ನೇ ಲೂಯಿ ಶೈಲಿಗೆ ಒಪ್ಪುತ್ತದೆ. ಕಾಲಿನುದ್ದಕ್ಕೂ ಕೊರೆದ ಗೀರುಗಳಿವೆಯೇ, ಕಾಲು ಚೌಕಟ್ಟಿಗೆ ಸೇರುವ ಮೂಲೆಯ ಚೌಕದಲ್ಲಿ ಪುಟ್ಟ ಹೂವಿನ ಕೆತ್ತನೆಯಿದೆಯೇ ನೋಡಿ. 15ನೇ ಲೂಯಿ ಶೈಲಿಯಾದರೆ ಕಾಲು ಬಳುಕಿರುತ್ತದೆ. ಬುಟ್ಟಿಯಷ್ಟು ಅಗಲದ ಲಂಗ ತೊಟ್ಟ ಹೆಂಗಸರು ಕೂರಲೆಂದು ಕೈಗಳು ಹಿಂದಕ್ಕೆ ಸರಿದಿರುತ್ತವೆ. ಆದರೆ ಮೂರನೇ ನೆಪೋಲಿಯನ್‌ನ ರಾಣಿ ಯೂಜೆನಿಗೆ 16ನೇ ಲೂಯಿಯ ರಾಣಿ ಮಾರಿ ಆಂತ್ವಾನೆತ್ ಮೇಲೆ ಅಪಾರ ಅಭಿಮಾನವಿತ್ತು. ಯೂಜೆನಿಯ ಕಾಲದಲ್ಲಿ, ಅಂದರೆ 19ನೇ ಶತಮಾನದ ನಡುಭಾಗದಲ್ಲಿ, 16ನೇ ಲೂಯಿ ಮಾದರಿಯ ಕುರ್ಚಿಗಳು ಹೇರಳವಾಗಿ ಮತ್ತೆ ತಯಾರಾದವು. ಸಂತೆಯಲ್ಲಿ ಸಿಗುವವು ಹೆಚ್ಚಾಗಿ ಅವು, ಇಲ್ಲವೇ ಇನ್ನೂ ಈಚಿನವು. ಬೇಸರ ಬೇಡ, ಅವುಗಳಲ್ಲೂ ಒಳ್ಳೆಯ ಕೆಲಸವಿದೆ.

ಈಗ ಕುರ್ಚಿಯನ್ನು ತಲೆಕೆಳಗಾಗಿಸಿ ಚೌಕಟ್ಟಿನ ಅಡಿಯಲ್ಲಿ ಮುದ್ರೆ ಹುಡುಕಿ. 18ನೇ ಶತಮಾನದ ನಡುಭಾಗದಿಂದ 1791ರಲ್ಲಿ ವೃತ್ತಿಸಂಘಗಳು ರದ್ದಾಗುವವರೆಗೆ ಪ್ಯಾರಿಸ್‌ನ ಕುರ್ಚಿ ಬಡಗಿಗಳು ತಮ್ಮ ಹೆಸರನ್ನು ಮರದಲ್ಲಿ ಒತ್ತಬೇಕಿತ್ತು. ಪಕ್ಕದಲ್ಲಿ ಸಂಘದ ‘ಜೆ.ಎಂ.ಇ.’ ಗುರುತೂ ಇರಬಹುದು. ಸುಳ್ಳು ಮುದ್ರೆಗಳೂ ಇರುವುದರಿಂದ ಅದೊಂದನ್ನೇ ನಂಬಬೇಡಿ. ಒಳಗೆ ಸ್ಪ್ರಿಂಗ್ ಇದೆಯೇ? ಆಸನಗಳಿಗೆ ಸುರುಳಿ ಸ್ಪ್ರಿಂಗ್ ಬಂದದ್ದು 19ನೇ ಶತಮಾನದಲ್ಲಿ. ಅದು ಕಂಡರೆ ಕುರ್ಚಿ ಆಮೇಲಿನದು, ಅಥವಾ ಆಮೇಲೆ ಯಾರೋ ಹೊಸದಾಗಿ ತುಂಬಿಸಿದ್ದು.

ನಾಂತ್‌ನಿಂದ:
ನನ್ನ ತಪ್ಪನ್ನು ನೀವು ಮಾಡಬೇಡಿ. ಒಂದೇ ಸಂಜೆ ಎಲ್ಲವನ್ನೂ ಕಿತ್ತು ಚೀಲಕ್ಕೆ ತುಂಬಿ ಎಸೆದೆ. ಅದರಲ್ಲಿ ಎರಡು ಹಿಡಿಯಷ್ಟಲ್ಲ, ಬಕೆಟ್ ತುಂಬ ಕುದುರೆ ಕೂದಲಿತ್ತು! ತೊಳೆದು, ಒಣಗಿಸಿ, ಬೆರಳಿನಿಂದ ಎಳೆ ಬಿಡಿಸಿದರೆ ಅದು ಮತ್ತೆ ಪುಟಿಯುತ್ತದೆ ಎಂದು ತಿಳಿದದ್ದು ಆಮೇಲೆ. ಬದಲಿಗೆ ತುಂಬಿಸಿದ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿಯಾಯಿತು.

ಒಂದೊಂದೇ ಪದರ ಬಿಚ್ಚಿ, ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಹಳೆಯ ಬಟ್ಟೆಯ ತುಂಡುಗಳ ಮೇಲೆ ‘ಬೆನ್ನು’, ‘ಎಡಗೈ’ ಎಂದು ಬರೆದಿಡಿ. ಹೊಸದನ್ನು ಕತ್ತರಿಸಲು ಅವೇ ಅಳತೆ. ಮೊಳೆ ಎಬ್ಬಿಸುವಾಗ ಉಳಿಯನ್ನು ಮರದ ಎಳೆಯ ದಿಕ್ಕಿಗೇ ಹೊಡೆಯಿರಿ. ಅಡ್ಡ ಹೊಡೆದರೆ ಚೌಕಟ್ಟಿನ ಅಂಚು ಸೀಳುತ್ತದೆ. ಹಳೆಯ ಮೊಳೆ ತೂತುಗಳಿಗೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿಸಿ, ಒಣಗಲು ಬಿಡಿ.

ಲಿಯೋನ್‌ನಿಂದ:
ಇಬ್ಬರಿಗೂ ಧನ್ಯವಾದಗಳು. ರಸೀದಿಯಲ್ಲಿ ‘ಸ್ತೀಲ್’ ಎಂದೇ ಇದೆ. ಮುದ್ರೆಯಿಲ್ಲ, ಸ್ಪ್ರಿಂಗ್ ಇದೆ. ತಳದ ಬಟ್ಟೆ ಬಿಚ್ಚಿದೆ. ಹೆಣೆದ ಸೆಣಬಿನ ಪಟ್ಟಿಗಳಲ್ಲಿ ಎರಡು ಎಡಬದಿಯಲ್ಲಿ ಮೊಳೆಯಿಂದ ಕಿತ್ತು ಜೋತುಬಿದ್ದಿವೆ, ಕುಸಿಯುತ್ತಿದ್ದುದು ಅಲ್ಲಿಯೇ. ಬೆರಳು ತೂರಿಸಿದರೆ ಒರಟಾದ, ಗುಂಗುರಾದ ಕಪ್ಪು ಕೂದಲು ಕೈಗೆ ಸಿಕ್ಕಿತು. ಬಟ್ಟೆ ಆಮೇಲೆ ನೋಡೋಣ. ಶನಿವಾರ ಹೊಸ ಪಟ್ಟಿ ತಂದು, ಮೊದಲು ಅದನ್ನು ಬಿಗಿಯುತ್ತೇನೆ.